ಅನ್ಯಾಯ ತೀರದೆ ಮನಸ್ಸು ತಿರುಗೀತೇ?

ಒಬ್ಬನ ಮೇಲೆ ಸುಳ್ಳು ಅಪವಾದ ಬಂತೆಂದು ನೆನಸಿರಿ. ಅವನು ಮಾಡದ ಕಳ್ಳತನವನ್ನು ಅವನೇ ಮಾಡಿದನೆಂದು ಅವನ ಸ್ವಂತ ಜನರೇ, ಅವನ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದವರೇ, ತೀರ್ಪು ಮಾಡಿದರು. ನಿಜಸ್ಥಿತಿಯು ಎಂದೂ ಹೊರಗೆ ಬೀಳಲಿಲ್ಲ. ಅಂಥವನು, "ನನ್ನ ನ್ಯಾಯ ತೀರುವ ತನಕ ಯಾರ ಹೊಸ್ತಿಲನ್ನೂ ತುಳಿಯೆನು, ಯಾರನ್ನೂ ನಂಬೆನು, ದೇವರ ಹೆಸರನ್ನೂ ಎತ್ತೆನು" ಎಂದು ಹಟ ಹಿಡಿದು ಕೂತರೆ ಅವನದು ತಪ್ಪೆನ್ನಬಹುದೋ? ನಮ್ಮ ಹಳ್ಳಿಗಳಲ್ಲಿ ಇಂಥವರು ಇಲ್ಲದೆ ಇಲ್ಲ. ಹೊಲದ ಬದುವಿನ ವಿಷಯದಲ್ಲಾಗಲಿ, ಸಭೆಯ ಹಣದ ಲೆಕ್ಕದಲ್ಲಾಗಲಿ, ಮದುವೆಯ ಮಾತುಕತೆಯಲ್ಲಾಗಲಿ ಒಮ್ಮೆ ಮನಸ್ಸು ಮುರಿದು, ಹತ್ತಿಪ್ಪತ್ತು ವರುಷ ಒಳಗೊಳಗೇ ಬೆಂದುಹೋಗುವವರು ಎಷ್ಟೋ ಮಂದಿ. "ಆದದ್ದಾಯಿತು, ಮರೆತುಬಿಡು" ಎಂದು ನಾವು ಅವರಿಗೆ ಬುದ್ಧಿಹೇಳುತ್ತೇವೆ. ಹೇಳುವವನಿಗೆ ಅದು ಸುಲಭವಾದ ಮಾತು; ಕೇಳುವವನಿಗೋ ಗಾಯದ ಮೇಲೆ ಬರೆ ಎಳೆದಂತೆ.

ಆದಕಾರಣ ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವದು ಒಳ್ಳೇದು: ಅನ್ಯಾಯವು ಸರಿಯಾಗದೆ ಉಳಿದಿರುವಾಗಲೂ ಅದನ್ನು ಅನುಭವಿಸಿದವನ ಮನಸ್ಸು ಸರಿಯಾಗಬಹುದೋ? ಆಗಬಹುದಾದರೆ ಯಾವ ದಾರಿಯಿಂದ? ಇದಕ್ಕೆ ಒಂದು ಹಳೆಯ ಆಂಗ್ಲ ಕಾದಂಬರಿಯನ್ನು ಸಾಕ್ಷಿಗೆ ಕರೆಯುತ್ತೇನೆ. ಕಟ್ಟುಕಥೆಯಿಂದ ಏನು ಕಲಿಯಬಹುದು ಎಂದು ಕೆಲವರು ಕೇಳಾರು. ಕರ್ತನು ತಾನೇ ಸಾಮ್ಯಗಳಿಂದ ಬೋಧಿಸಿದನೆಂಬದನ್ನು ಅವರು ಮರೆಯಬಾರದು. ಕಥೆಯ ಜನರು ಕಲ್ಪಿತರಾಗಿದ್ದರೂ ಮನುಷ್ಯನ ಮನಸ್ಸು ಕುಗ್ಗುವ ಮತ್ತು ಅರಳುವ ಕ್ರಮವು ಕಲ್ಪಿತವಲ್ಲ.

"ಸೈಲಸ್ ಮಾರ್ನರ್" ಎಂಬ ಆ ಪುಸ್ತಕವು 1861ರಲ್ಲಿ ಪ್ರಕಟವಾಯಿತು. ಬರೆದವರ ಹೆಸರು ಜಾರ್ಜ್ ಎಲಿಯಟ್ ಎಂದು ಅಚ್ಚಾಗಿದ್ದರೂ ಆಕೆ ಸ್ತ್ರೀ; ಮೇರಿ ಆನ್ ಇವಾನ್ಸ್ ಎಂಬದು ಆಕೆಯ ನಿಜವಾದ ಹೆಸರು. 1819ರಲ್ಲಿ ವಾರಿಕ್‌ಶೈರ್ ಎಂಬ ಹಳ್ಳಿನಾಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಬಹು ಭಕ್ತಿಯಿಂದ ಬೆಳೆದು, 1842ರಲ್ಲಿ ದೇವಾಲಯಕ್ಕೆ ಹೋಗುವದನ್ನು ನಿಲ್ಲಿಸಿ ತಂದೆಯ ಕೋಪಕ್ಕೆ ಗುರಿಯಾದವಳು. ಇದನ್ನು ಮರೆಮಾಚದೆ ಹೇಳುತ್ತೇನೆ. ಯಾಕಂದರೆ ಸಭೆಯನ್ನು ಬಿಟ್ಟು ಹೋದವರು ಸಭೆಯ ಬಾಗಿಲನ್ನು ಹೊರಗಿನಿಂದ ನೋಡಬಲ್ಲರು. ಒಳಗಿರುವ ನಮಗೆ ಕಾಣದ್ದು ಕೆಲವು ಸಾರಿ ಅವರಿಗೆ ಕಾಣುತ್ತದೆ. ಚಿಕ್ಕಂದಿನಲ್ಲಿ ಬೆನ್ನಿಗೆ ಚೀಲ ಹೊತ್ತು ಹೋಗುತ್ತಿದ್ದ ಒಬ್ಬ ನೇಕಾರನನ್ನು ಆಕೆ ಕಂಡಿದ್ದಳು. ಆ ನೆನಪೇ ಈ ಕಥೆಯ ಬೀಜವಾಯಿತು. ಸೈಲಸ್ ಎಂಬದು ನಮ್ಮ ಸತ್ಯವೇದದಲ್ಲಿ ಪೌಲನ ಜೊತೆಗಾರನಾದ ಸೀಲನ ಹೆಸರೇ. ಆದದರಿಂದ ನಾವೂ ಅವನನ್ನು ಸೀಲನೆಂದೇ ಕರೆಯೋಣ.

ಸೀಲನು ನಾರುಬಟ್ಟೆ ನೇಯುವವನು. ಉತ್ತರ ಸೀಮೆಯ ಒಂದು ಕೈಗಾರಿಕೆಯ ಪಟ್ಟಣದ ಇಕ್ಕಟ್ಟಾದ ಓಣಿಗಳಲ್ಲಿ ಲ್ಯಾಂಟರ್ನ್ ಯಾರ್ಡ್, ಅಂದರೆ ಲಾಂದ್ರದಂಗಳ ಎಂಬ ಸ್ಥಳವಿತ್ತು. ಅಲ್ಲಿ ಬಡ ಕೆಲಸಗಾರರ ಒಂದು ಚಿಕ್ಕ ಸಭೆ ಕೂಡುತ್ತಿತ್ತು. ಸೀಲನಿಗೆ ಆ ಸಭೆಯೇ ಮನೆ, ಅದೇ ಲೋಕ. ವಿಲಿಯಂ ಡೇನ್ ಎಂಬವನು ಅವನ ಪ್ರಾಣಸ್ನೇಹಿತನು. ಸಾರಾ ಎಂಬವಳೊಂದಿಗೆ ಮದುವೆಯೂ ನಿಶ್ಚಯವಾಗಿತ್ತು. ಸೀಲನಿಗೆ ಒಂದು ವಿಚಿತ್ರವಾದ ರೋಗವಿತ್ತು. ಆಗಾಗ್ಗೆ ಮೈಯೆಲ್ಲಾ ಮರಗಟ್ಟಿ, ಕಣ್ಣು ತೆರೆದಿದ್ದರೂ ಏನೂ ತಿಳಿಯದೆ ನಿಂತಲ್ಲೇ ನಿಂತುಬಿಡುವನು.

ಒಂದು ರಾತ್ರಿ ಮರಣಾವಸ್ಥೆಯಲ್ಲಿದ್ದ ಹಿರಿಯ ಸಭಾಸೇವಕನ ಬಳಿಯಲ್ಲಿ ಸೀಲನು ಕಾವಲಿದ್ದನು. ಬೆಳಗಾಗುವಷ್ಟರಲ್ಲಿ ರೋಗಿಯು ತೀರಿಹೋಗಿದ್ದನು. ಸಭೆಯ ಹಣದ ಚೀಲವು ಕಾಣೆಯಾಗಿತ್ತು. ಅದು ಇದ್ದ ಜಾಗದಲ್ಲಿ ಸೀಲನ ಚಾಕು ಸಿಕ್ಕಿತು. ಬರಿದಾದ ಚೀಲವನ್ನು ಸೀಲನ ಕೋಣೆಯಿಂದ ಹೊರಗೆ ತೆಗೆದವನು ವಿಲಿಯಂ ಡೇನನೇ. ಲೋಕದ ನ್ಯಾಯಾಲಯಕ್ಕೆ ಹೋಗುವದು ಆ ಸಭೆಯ ನಿಯಮಕ್ಕೆ ವಿರುದ್ಧವಾಗಿತ್ತು. ಆದದರಿಂದ ಅವರು ಪ್ರಾರ್ಥನೆಮಾಡಿ ಚೀಟು ಹಾಕಿದರು. ಚೀಟು ಸೀಲನನ್ನು ಅಪರಾಧಿಯೆಂದು ತೋರಿಸಿತು. ಆಗಲೇ ಅವನು ಬಾಯಿಬಿಟ್ಟು, ಆ ಚಾಕನ್ನು ಕಡೆಯ ಸಾರಿ ತೆಗೆದದ್ದು ವಿಲಿಯಮನಿಗಾಗಿ ಒಂದು ಪಟ್ಟಿಯನ್ನು ಕೊಯ್ಯುವದಕ್ಕೆಂದೂ, ಆಮೇಲೆ ತನ್ನ ಜೇಬಿಗೆ ಹಾಕಿಕೊಂಡ ನೆನಪಿಲ್ಲವೆಂದೂ ಹೇಳಿದನು. ಯಾರೂ ಕಿವಿಗೊಡಲಿಲ್ಲ. ಸಾರಾ ಸಂಬಂಧವನ್ನು ಮುರಿದಳು. ಒಂದು ತಿಂಗಳು ಕಳೆದ ಕೆಲವು ದಿನಗಳಲ್ಲೇ ವಿಲಿಯಮನನ್ನು ಮದುವೆಯಾದಳು. ನೀತಿಯಿಂದ ಲೋಕವನ್ನಾಳುವ ದೇವರೇ ಇಲ್ಲವೆಂದು ಸೀಲನು ಎಲ್ಲರೆದುರಿನಲ್ಲಿ ಹೇಳಿ ಆ ಊರನ್ನು ಬಿಟ್ಟನು.

ಇಲ್ಲಿ ಅವನು ಕಳಕೊಂಡದ್ದು ಏನೆಂಬದನ್ನು ಚೆನ್ನಾಗಿ ತಿಳುಕೊಳ್ಳಬೇಕು. ಹೆಂಡತಿಯಾಗಬೇಕಾದವಳು ಹೋದಳು, ಸ್ನೇಹಿತನು ಹೋದನು, ಮಾನ ಹೋಯಿತು. ಆದರೆ ಇವೆಲ್ಲಕ್ಕಿಂತ ದೊಡ್ಡ ನಷ್ಟವೊಂದುಂಟು. ಚೀಟನ್ನು ದೇವರೇ ನಡಿಸುವನೆಂದು ಅವನು ಎಲ್ಲರಂತೆ ನಂಬಿದ್ದನು. ಮನುಷ್ಯನು ಮೋಸಮಾಡಿದರೆ ದೇವರಿಗೆ ಮೊರೆಯಿಡಬಹುದು. ದೇವರ ಹೆಸರಿನಲ್ಲೇ ಮೋಸವಾದರೆ ಯಾರಿಗೆ ಮೊರೆಯಿಡುವದು? ಸೀಲನು ಸಭೆಯ ಪದ್ಧತಿಯನ್ನೂ ದೇವರನ್ನೂ ಬೇರೆಮಾಡಿ ನೋಡಲು ಕಲಿತವನಲ್ಲ. ಒಂದು ಮುರಿದಾಗ ಎರಡೂ ಮುರಿದವು.

ಅವನು ಬಹುದೂರ ಹೋಗಿ, ರ್ಯಾವಲೋ ಎಂಬ ಹಳ್ಳಿಯ ಹೊರಗೆ, ಕೆಲಸ ನಿಂತುಹೋಗಿದ್ದ ಒಂದು ಕಲ್ಲುಗಣಿಯ ಪಕ್ಕದ ಗುಡಿಸಲಲ್ಲಿ ಮಗ್ಗ ಹೂಡಿದನು. ಅಲ್ಲಿ ಹದಿನೈದು ವರುಷ ಒಂಟಿಯಾಗಿದ್ದನು. ಈ ಹದಿನೈದು ವರುಷಗಳಲ್ಲಿ ಅವನು ದುಷ್ಟನಾಗಲಿಲ್ಲ. ಕುಡಿಯಲಿಲ್ಲ, ಕದಿಯಲಿಲ್ಲ, ಯಾರಿಗೂ ಕೇಡು ಮಾಡಲಿಲ್ಲ. ಅವನಿಗಾದ ಕೇಡು ಬೇರೆ: ಅವನು ಕಿರಿದಾದನು. ಲಾಳಿಯು ಹೋಗುತ್ತಾ ಬರುತ್ತಾ ಇರುವ ಹಾಗೆ ಅವನ ಜೀವವೂ ಹಗಲು ನೆಯ್ಗೆ, ರಾತ್ರಿ ಎಣಿಕೆ ಎಂಬೀ ಎರಡು ಅಂಚುಗಳ ನಡುವೆಯೇ ಓಡಾಡುತ್ತಿತ್ತು. ಕೂಲಿಯಾಗಿ ಬಂದ ಚಿನ್ನದ ಗಿನಿ ನಾಣ್ಯಗಳನ್ನು ಮಗ್ಗದ ಕೆಳಗೆ ಇಟ್ಟಿಗೆಗಳ ಅಡಿಯಲ್ಲಿ ಬಚ್ಚಿಟ್ಟು, ರಾತ್ರಿ ಬಾಗಿಲು ಭದ್ರಮಾಡಿ, ಅವುಗಳನ್ನು ಹೊರಗೆ ತೆಗೆದು ಮುಟ್ಟಿಮುಟ್ಟಿ ಎಣಿಸುವನು. ಚಿನ್ನದಿಂದ ಏನನ್ನಾದರೂ ಕೊಳ್ಳಬೇಕೆಂಬ ಆಶೆ ಅವನಿಗಿರಲಿಲ್ಲ. ಚಿನ್ನವು ಸುಳ್ಳು ಹೇಳುವದಿಲ್ಲ, ಬಿಟ್ಟುಹೋಗುವದಿಲ್ಲ ಎಂಬದೇ ಸಾಕಾಗಿತ್ತು.

ಆದರೂ ಅವನ ಅಂತಃಕರಣವು ಪೂರಾ ಒಣಗಿರಲಿಲ್ಲ. ಹನ್ನೆರಡು ವರುಷ ನೀರು ತಂದ ಮಣ್ಣಿನ ಗಡಿಗೆಯೊಂದು ಒಂದು ದಿನ ಒಡೆಯಿತು. ಅವನು ಅದರ ಚೂರುಗಳನ್ನು ಆರಿಸಿ, ಜೋಡಿಸಿ, ಪ್ರಯೋಜನವಿಲ್ಲದಿದ್ದರೂ ಅದರ ಹಳೆಯ ಸ್ಥಳದಲ್ಲಿಯೇ ನಿಲ್ಲಿಸಿದನು. ಮತ್ತೊಮ್ಮೆ, ಅವನ ತಾಯಿಯು ಯಾವ ಹೃದ್ರೋಗದಿಂದ ಸತ್ತಳೋ ಅದೇ ಲಕ್ಷಣಗಳನ್ನು ಒಬ್ಬ ನೆರೆಯವಳಲ್ಲಿ ಕಂಡು, ಕನಿಕರಪಟ್ಟು, ತಾಯಿಯಿಂದ ಕಲಿತ ಫಾಕ್ಸ್‌ಗ್ಲವ್ ಎಂಬ ಗಿಡದ ಮದ್ದನ್ನು ಮಾಡಿಕೊಟ್ಟನು. ಆಕೆಗೆ ಗುಣ ಕಂಡಿತು. ಕೂಡಲೇ ಊರವರೆಲ್ಲಾ ಮಂತ್ರಕ್ಕೂ ತಾಯಿತಕ್ಕೂ ಅವನ ಬಾಗಿಲಿಗೆ ಬಂದರು. ಅವನು ತನಗೆ ತಿಳಿಯದ ವಿದ್ಯೆಯನ್ನು ಮಾರಲು ಒಪ್ಪದೆ ಅವರನ್ನು ಓಡಿಸಿದನು; ಅಂದಿನಿಂದ ಊರವರು ಅವನನ್ನು ಮತ್ತಷ್ಟು ಸಂಶಯಿಸಿದರು. ಹೀಗೆ ಒಂದೇ ಸಾರಿ ಚಾಚಿದ ಕೈಯೂ ಒಳಗೆ ಮಡಚಿಕೊಂಡಿತು.

ಅವನು ಬದಲಾದದ್ದು ಹೇಗೆ? ಮಗುವೊಂದು ಸಿಕ್ಕಿತು, ಬದಲಾದನು ಎಂದು ಅನೇಕರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಿಧಾನವಾಗಿ ಓದಿದರೆ ಮೊದಲನೇ ಹೆಜ್ಜೆಯು ಅದಕ್ಕಿಂತ ಮುಂಚೆಯೇ ಇಟ್ಟದ್ದಾಗಿದೆ. ಊರ ಜಮೀನುದಾರನ ಎರಡನೇ ಮಗನಾದ ಡನ್ಸ್ಟನ್ ಕ್ಯಾಸ್ ಎಂಬ ಪೋಲಿಯು ಒಂದು ರಾತ್ರಿ ಬರಿದಾದ ಗುಡಿಸಲನ್ನು ಹೊಕ್ಕು 272 ಪೌಂಡು 12 ಶಿಲಿಂಗು 6 ಪೆನ್ಸುಗಳಷ್ಟು ಹಣವನ್ನೆಲ್ಲಾ ಕದ್ದುಕೊಂಡು ಮಾಯವಾದನು. ಸೀಲನು ಹುಚ್ಚನಂತೆ ಮಳೆಯಲ್ಲಿ ಓಡಿ, ಊರವರು ಕೂಡಿದ್ದ ಹೆಂಡದಂಗಡಿಯೊಳಗೆ ನುಗ್ಗಿ, ಜೆಮ್ ರಾಡ್ನಿ ಎಂಬವನೇ ಕದ್ದನೆಂದು ಬೆರಳು ತೋರಿಸಿದನು. ನಿರಪರಾಧಿಯ ಮೇಲೆ ತಪ್ಪು ಹೊರಿಸಬೇಡವೆಂದು ಒಬ್ಬನು ಎಚ್ಚರಿಸಿದಾಗ, ಹದಿನೈದು ವರುಷಗಳ ಹಿಂದೆ ತನ್ನ ಕಡೆಗೆ ಚಾಚಿದ್ದ ಬೆರಳು ಅವನ ನೆನಪಿಗೆ ಬಂತು. ಅವನು ಜೆಮ್ಮನ ಬಳಿಗೆ ಹೋಗಿ, ತನ್ನಲ್ಲಿ ಸಾಕ್ಷಿಯಿಲ್ಲವೆಂದು ಒಪ್ಪಿಕೊಂಡು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡನು.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಲಾಂದ್ರದಂಗಳದ ಹಿರಿಯರು ಮಾಡದಿದ್ದ ಕೆಲಸವನ್ನು ಈ ಬಡ ನೇಕಾರನು, ಸರ್ವಸ್ವವನ್ನೂ ಕಳಕೊಂಡ ಅದೇ ಗಳಿಗೆಯಲ್ಲಿ, ಮಾಡಿದನು. ಅನ್ಯಾಯವನ್ನು ಉಂಡವನ ಮುಂದೆ ಎರಡು ದಾರಿಗಳಿರುತ್ತವೆ. ತಾನುಂಡದ್ದನ್ನು ಮತ್ತೊಬ್ಬನಿಗೆ ಬಡಿಸುವದು ಒಂದು; ಅದರ ರುಚಿ ತನಗೆ ಗೊತ್ತಿರುವದರಿಂದಲೇ ಮತ್ತೊಬ್ಬನಿಗೆ ಬಡಿಸದಿರುವದು ಇನ್ನೊಂದು. ಸೀಲನು ಎರಡನೆಯದನ್ನು ಆರಿಸಿಕೊಂಡನು. ಆ ರಾತ್ರಿಯಿಂದ ಊರವರು ಅವನನ್ನು ಮಾಟಗಾರನೆಂದು ಹೆದರದೆ, ನೊಂದವನೆಂದು ಮರುಗತೊಡಗಿದರು. ಬಂಡಿಯ ಗಾಲಿ ಮಾಡುವವನ ಹೆಂಡತಿಯಾದ ಡಾಲಿ ವಿಂಥ್ರಪ್ ಎಂಬ ಸಾಧ್ವಿಯು ರೊಟ್ಟಿ ಸುಟ್ಟು ತಂದಳು. ಅವನು ಬಾಗಿಲು ತೆರೆದನು.

ಹೊಸ ವರುಷದ ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಸೀಲನು ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದಾಗ ಹಳೆಯ ರೋಗವು ಬಂದು, ಬಾಗಿಲನ್ನು ಹಿಡಿದುಕೊಂಡೇ ಕಲ್ಲಿನಂತೆ ನಿಂತನು. ಅಫೀಮಿಗೆ ದಾಸಿಯಾಗಿದ್ದ ಒಬ್ಬ ಹೆಂಗಸು ಸಮೀಪದಲ್ಲೇ ಹಿಮದಲ್ಲಿ ಬಿದ್ದು ಸಾಯುತ್ತಿದ್ದಳು. ಅವಳ ತೋಳಿನಿಂದ ಜಾರಿದ ಎರಡು ವರುಷದ ಹೆಣ್ಣುಮಗುವು ಬೆಳಕನ್ನು ಕಂಡು, ತೆರೆದ ಬಾಗಿಲಿನಿಂದ ಒಳಗೆ ಹೋಗಿ, ಒಲೆಯ ಮುಂದೆ ಮಲಗಿ ನಿದ್ದೆಹೋಯಿತು. ಎಚ್ಚರಗೊಂಡ ಸೀಲನು ಮಂದವಾದ ಕಣ್ಣುಗಳಿಂದ ನೋಡಿದಾಗ, ಕಳೆದುಹೋದ ಚಿನ್ನವು ತಿರಿಗಿ ಬಂದು ಒಲೆಯ ಮುಂದೆ ಹೊಳೆಯುತ್ತಿದೆಯೆಂದೇ ನೆನಸಿದನು. ಕೈಯಿಟ್ಟರೆ, ಗಟ್ಟಿಯಾದ ನಾಣ್ಯಕ್ಕೆ ಬದಲಾಗಿ ಮೃದುವಾದ ಕೂದಲು.

ಮಗುವು ಒಳಗೆ ಬಂದದ್ದು ಅವನ ಪುಣ್ಯದಿಂದಲ್ಲ, ಬುದ್ಧಿಯಿಂದಲ್ಲ; ಆಗ ಅವನಿಗೆ ಪ್ರಜ್ಞೆಯೇ ಇರಲಿಲ್ಲ. ಯಾವ ರೋಗವು ಆ ಸಭಾಸೇವಕನ ಮಂಚದ ಬಳಿಯಲ್ಲಿ ಅವನನ್ನು ಕೆಡಿಸಿತೋ ಅದೇ ರೋಗವು ಬಾಗಿಲನ್ನು ತೆರೆದಿಟ್ಟಿತು. ಇದನ್ನು ನಾವು ಕೃಪೆಯೆನ್ನುವೆವು. ಬರೆದವಳು ಹಾಗೆನ್ನದೆ ಇರಬಹುದು. ಹೆಸರು ಏನಾದರೂ ಇರಲಿ, ಅದು ಕೊಟ್ಟದ್ದು, ಗಳಿಸಿದ್ದಲ್ಲ. ಆದರೆ ಎಚ್ಚರವಾದ ಮೇಲೆ ಅವನು ಮಾಡಿದ್ದು ಅವನದೇ. ಮಗುವನ್ನು ಊರವರಿಗೆ ಒಪ್ಪಿಸಿಬಿಡು ಎಂದಾಗ ಅವನು ಬಿಡಲಿಲ್ಲ. ತನ್ನ ತಾಯಿಯ ಹೆಸರೂ ಸತ್ತುಹೋದ ಪುಟ್ಟ ತಂಗಿಯ ಹೆಸರೂ ಆಗಿದ್ದ ಹೆಫ್ಜಿಬಾ ಎಂಬ ಹೆಸರನ್ನು ಅದಕ್ಕೆ ಇಟ್ಟನು, ಕರೆಯುವಾಗ ಎಪ್ಪಿ. ಹಿಜ್ಕೀಯ ಅರಸನ ಪತ್ನಿಯ ಹೆಸರಾದ ಅದಕ್ಕೆ "ನನ್ನ ಆನಂದವು ಅವಳಲ್ಲಿ" ಎಂಬರ್ಥವುಂಟು.

ಚಿನ್ನವು ಅವನಿಂದ ಕೇಳಿದ್ದು ಒಂದೇ: ಬಾಗಿಲು ಮುಚ್ಚು. ಮಗುವು ಕೇಳಿದ್ದು ಅದಕ್ಕೆ ತಿರುವುಮುರುವು. ಮಗುವಿಗೆ ಹಾಲು ಬೇಕು, ಅಂಗಿ ಬೇಕು, ದೀಕ್ಷಾಸ್ನಾನ ಬೇಕು, ಬಿಸಿಲು ಬೇಕು. ಇವುಗಳಲ್ಲಿ ಒಂದಾದರೂ ಇಟ್ಟಿಗೆಯ ಅಡಿಯಲ್ಲಿ ಸಿಕ್ಕುವಂಥದ್ದಲ್ಲ. ನೆರೆಯವರ ಮನೆಗೆ ಹೋಗಲೇಬೇಕು, ಡಾಲಿಯನ್ನು ಕೇಳಲೇಬೇಕು. ಒಮ್ಮೆ ಮಗ್ಗಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಅವಳು ಕತ್ತರಿಯಿಂದ ಕತ್ತರಿಸಿಕೊಂಡು ಹೊಲಕ್ಕೆ ಓಡಿಹೋದಳು. ಸೀಲನು ಶಿಕ್ಷೆಗಾಗಿ ಅವಳನ್ನು ಕಲ್ಲಿದ್ದಲಿನ ಗೂಡಿನಲ್ಲಿ ಕ್ಷಣಮಾತ್ರ ಕೂಡಿಸಿ, ಅತ್ತಳೆಂದು ಹೊರಗೆ ತೆಗೆದು, ಮೈ ತೊಳೆದು ಕೂರಿಸಿದರೆ, ಅವಳು ತಾನೇ ತಿರಿಗಿ ಅದರೊಳಗೆ ಹೋಗಿ ನಗುತ್ತಾ ಕೂತಳು! ಅಂದಿನಿಂದ ಅವನು ಶಿಕ್ಷೆಯನ್ನೇ ಬಿಟ್ಟನು. ಅವಳನ್ನು ಹೊಲಕ್ಕೆ ಕರಕೊಂಡು ಹೋದಾಗ ತಾಯಿ ತೋರಿಸಿದ್ದ ಗಿಡಮೂಲಿಕೆಗಳನ್ನು ತಿರಿಗಿ ಹುಡುಕತೊಡಗಿದನು. ಹದಿನೈದು ವರುಷ ಹೆಪ್ಪುಗಟ್ಟಿದ್ದ ನೆನಪುಗಳು ಹೀಗೆ ಒಂದೊಂದಾಗಿ ಕರಗಿದವು.

ಆದರೆ ಒಬ್ಬನು ಹೀಗೆ ಆಕ್ಷೇಪಿಸಬಹುದು: "ಅವನಿಗೆ ಅದೃಷ್ಟವಿತ್ತು, ಮಗು ಸಿಕ್ಕಿತು. ನನಗೆ ಯಾರು ಸಿಕ್ಕಿದರು?" ಇದಕ್ಕೆ ಉತ್ತರವನ್ನು ಕಥೆಯೇ ಇಟ್ಟಿದೆ. ಆ ಮಗುವಿನ ನಿಜವಾದ ತಂದೆ ಜಮೀನುದಾರನ ಹಿರಿಯ ಮಗನಾದ ಗಾಡ್ಫ್ರೀ ಕ್ಯಾಸನು. ಹಿಮದಲ್ಲಿ ಸತ್ತವಳು ಅವನು ಗುಟ್ಟಾಗಿ ಮದುವೆಯಾದ ಹೆಂಡತಿ. ಅದೇ ರಾತ್ರಿ ಸೀಲನು ಮಗುವನ್ನು ಎತ್ತಿಕೊಂಡು ಗಾಡ್ಫ್ರೀಯ ಮನೆಯ ಔತಣದ ನಡುವೆ ಬಂದು ನಿಂತಿದ್ದನು. ಗಾಡ್ಫ್ರೀ ತನ್ನ ಮಗುವನ್ನು ಗುರುತಿಸಿದನು. ಆದರೂ, ನ್ಯಾನ್ಸಿ ಎಂಬವಳನ್ನು ಮದುವೆಯಾಗಬೇಕೆಂಬ ಆಶೆಯಿಂದ, ಬಾಯಿಬಿಡಲಿಲ್ಲ. ಅರ್ಧ ಗಿನಿಯನ್ನು ಸೀಲನ ಕೈಯಲ್ಲಿಟ್ಟು ತನ್ನ ಮನಸ್ಸಾಕ್ಷಿಯ ಬಾಯಿ ಮುಚ್ಚಿದನು. ಅವನು ಕ್ರೂರಿಯಲ್ಲ, ಮೆದು ಮನಸ್ಸಿನವನೇ. ನಾಳೆ ಹೇಳೋಣ, ಸಮಯ ಬರಲಿ ಎಂದು ಹದಿನಾರು ವರುಷ ತಳ್ಳಿದನು. ಒಂದೇ ಮಗು, ಒಂದೇ ರಾತ್ರಿ, ಅವೇ ಹದಿನಾರು ವರುಷಗಳು. ಬಾಗಿಲಿಗೆ ಬಂದದ್ದನ್ನು ಒಬ್ಬನು ಒಳಗೆ ಕರಕೊಂಡನು, ಮತ್ತೊಬ್ಬನು ಹೊರಗಿಟ್ಟನು. ಆದಕಾರಣ ದಾನ ಒಂದೇ ಮನುಷ್ಯನನ್ನು ಬದಲಾಯಿಸುವದಿಲ್ಲ. ದಾನಕ್ಕೆ ಕೊಡುವ ಉತ್ತರವೂ ಬೇಕು.

ಹದಿನಾರು ವರುಷಗಳಾದ ಮೇಲೆ ಕಲ್ಲುಗಣಿಯ ನೀರು ಬತ್ತಿ, ಅದರ ತಳದಲ್ಲಿ ಡನ್ಸ್ಟನ್ನನ ಎಲುಬುಗಳೂ ಸೀಲನ ಚಿನ್ನವೂ ಸಿಕ್ಕಿದವು. ಗಾಡ್ಫ್ರೀ ನಡುಗಿ, ನ್ಯಾನ್ಸಿಯ ಮುಂದೆ ಎಲ್ಲವನ್ನೂ ಅರಿಕೆಮಾಡಿದನು. ಮೊದಲೇ ಹೇಳಿದ್ದರೆ ಆ ಮಗುವನ್ನು ತಾನೇ ಸಾಕುತ್ತಿದ್ದೆನೆಂದು ಆಕೆ ಹೇಳಿದಾಗ ಅವನಿಗೆ ಏನೆನಿಸಿರಬೇಕು! ಇಬ್ಬರೂ ಗುಡಿಸಲಿಗೆ ಬಂದು, ಎಪ್ಪಿಯು ತಮ್ಮ ಮಗಳಾಗಿ ಬರಬೇಕೆಂದು ಕೇಳಿದರು. ಸೀಲನು ಮೊದಲು ಖಾರವಾಗಿಯೇ ಉತ್ತರಕೊಟ್ಟನು. ಆಮೇಲೆ ಮಗಳ ಒಳಿತಿಗೆ ತಾನು ಅಡ್ಡಿಯಾಗಬಾರದೆಂದು ತನ್ನನ್ನು ಬಿಗಿಹಿಡಿದು, ಅವಳೇ ಹೇಳಲಿ ಎಂದು ಬಿಟ್ಟುಕೊಟ್ಟನು.

ನನ್ನ ಎಣಿಕೆಯಲ್ಲಿ ಅವನು ಬದಲಾದನೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಚಿನ್ನವನ್ನು ಪ್ರೀತಿಸಿದಾಗ ಇಟ್ಟಿಗೆಯ ಕೆಳಗೆ ಬಚ್ಚಿಟ್ಟವನು, ಚಿನ್ನಕ್ಕಿಂತ ಸಾವಿರ ಪಾಲು ಪ್ರೀತಿಸಿದವಳ ಮುಂದೆ ಕೈಬಿಚ್ಚಿ ನಿಂತನು. ಒಮ್ಮೆ ಚೀಟಿನ ಮುಂದೆ ಹೀಗೆಯೇ ನಂಬಿ ನಿಂತು ಎಲ್ಲವನ್ನೂ ಕಳಕೊಂಡವನು, ಎರಡನೇ ಸಾರಿ ನಂಬಿ ನಿಂತನು. ಎಪ್ಪಿಯು ತನ್ನನ್ನು ಸಾಕಿದ ತಂದೆಯನ್ನು ಬಿಡೆನೆಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಪ್ರಶ್ನೆಗೆ ಪೂರಾ ಉತ್ತರ ಸಿಕ್ಕುತ್ತಿರಲಿಲ್ಲ. ಸೀಲನಿಗೆ ಒಂದು ಆಶೆ ಉಳಿದಿತ್ತು: ಹಳೆಯ ಊರಿಗೆ ಹೋಗಿ, ಆ ಕಳ್ಳತನದ ನಿಜವು ಹೊರಬಿತ್ತೋ ಎಂದು ಆ ಸಭೆಯ ಬೋಧಕರನ್ನು ಕೇಳಬೇಕು, ಚೀಟಿನ ವಿಷಯವಾಗಿಯೂ ಮಾತಾಡಬೇಕು. ಎಪ್ಪಿಯನ್ನು ಕರಕೊಂಡು ಹೋದನು. ಓಣಿಗಳನ್ನು ದಾಟಿ ಹೋಗಿ ನೋಡಿದರೆ, ಲಾಂದ್ರದಂಗಳವೇ ಇಲ್ಲ! ಆ ಸ್ಥಳದಲ್ಲಿ ಒಂದು ದೊಡ್ಡ ಕಾರ್ಖಾನೆ. ಮಧ್ಯಾಹ್ನದ ಊಟಕ್ಕೆಂದು ಹೆಂಗಸರೂ ಗಂಡಸರೂ ಅದರಿಂದ ಹೊರಗೆ ಬರುತ್ತಿದ್ದರು. ಅವನು ವಿಚಾರಿಸಿದವರಲ್ಲಿ ಯಾರಿಗೂ ಆ ಸಭೆಯ ಸುದ್ದಿ ಗೊತ್ತಿರಲಿಲ್ಲ. ವಿಲಿಯಂ ಡೇನನು ಸಿಕ್ಕಿಬಿದ್ದನೆಂದೂ ಶಿಕ್ಷೆ ಹೊಂದಿದನೆಂದೂ ಕಥೆಯಲ್ಲಿ ಎಲ್ಲಿಯೂ ಇಲ್ಲ. ಸೀಲನು ಹಿಂದಿರುಗಿ ಬಂದು ಡಾಲಿಗೆ, ಆ ಸಂಗತಿಯು ಕಡೇ ತನಕ ಕತ್ತಲೆಯಾಗಿಯೇ ಉಳಿಯುವದೆಂದೂ, ಆದರೂ ಮಗು ಬಂದಂದಿನಿಂದ ನಂಬಿ ನಡೆಯಲು ತಕ್ಕಷ್ಟು ಬೆಳಕು ತನಗಿದೆಯೆಂದೂ ಅರ್ಥವಾಗುವಂತೆ ಹೇಳಿದನು.

ಆದದರಿಂದ ನಮ್ಮ ಪ್ರಶ್ನೆಗೆ ಉತ್ತರವು ಎರಡು ಭಾಗವಾಗಿದೆ. ಒಂದನ್ನು ಹೇಳಿ ಮತ್ತೊಂದನ್ನು ನುಂಗಬಾರದು.

ಮೊದಲನೆಯದು ಸಭೆಯ ಹಿರಿಯರಿಗೆ. ಸೀಲನು ಗುಣವಾದನೆಂಬದರಿಂದ ಲಾಂದ್ರದಂಗಳದವರ ತಪ್ಪು ತಪ್ಪಲ್ಲದೆ ಹೋಗುವದಿಲ್ಲ. ಅಪೊಸ್ತಲರು ಮತ್ತೀಯನನ್ನು ಆರಿಸುವಾಗ ಚೀಟು ಹಾಕಿದರೆಂಬದು ನಿಜ. ಆದರೆ ಅವರು ಯಾರ ಮೇಲೂ ಕಳ್ಳತನವನ್ನು ಹೊರಿಸುವದಕ್ಕೆ ಹಾಕಲಿಲ್ಲ. ಚಾಕು ಕಡೆಯ ಸಾರಿ ಯಾರ ಮುಂದೆ ಹೊರಬಂದಿತ್ತೆಂದು ಸಮಾಧಾನವಾಗಿ ವಿಚಾರಿಸಿದ್ದರೆ ಸತ್ಯಕ್ಕೆ ಒಂದು ಸಂದು ಸಿಕ್ಕುತ್ತಿತ್ತು. ಅವರು ವಿಚಾರಿಸುವ ಶ್ರಮವನ್ನು ತಪ್ಪಿಸಿಕೊಂಡು ಅದನ್ನು ದೇವರ ಮೇಲೆ ಹಾಕಿದರು. ಒಬ್ಬನನ್ನು ಸಭೆಯ ಹೊರಗಿಡುವ ಮುಂಚೆ ಅವನ ಮಾತನ್ನು ಕಡೇ ತನಕ ಕೇಳಿರಿ. "ದೇವರು ಅವನನ್ನು ಸಂತೈಸುವನು" ಎಂಬದು ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗಬಾರದು.

ಎರಡನೆಯದು ನೊಂದವನಿಗೆ. ಅಣ್ಣಾ, ಅಕ್ಕಾ, ನಿಮ್ಮ ನ್ಯಾಯವು ತೀರಿದರೆ ಒಳ್ಳೇದೇ. ಕೇಳುವದು ನಿಮ್ಮ ಹಕ್ಕು. ಆದರೆ ನಿಮ್ಮ ಜೀವಮಾನವನ್ನೆಲ್ಲಾ ಆ ತೀರ್ಪಿಗೆ ಒತ್ತೆಯಿಡಬೇಡಿರಿ. ಯಾವ ಬಾಗಿಲು ತೆರೆದೀತೆಂದು ನೀವು ಕಾಯುತ್ತೀರೋ ಆ ಮನೆಯೇ ಇಂದು ಇಲ್ಲದಿರಬಹುದು. ತೀರ್ಪು ಹೇಳಿದವರು ಮಣ್ಣಾಗಿರಬಹುದು, ಅಥವಾ ಸಂಗತಿಯನ್ನೇ ಮರೆತಿರಬಹುದು. ಸೀಲನು ಹಳೆಯ ಊರಿಗೆ ಮೊದಲು ಹೋಗಿ, ಉತ್ತರ ಸಿಕ್ಕಿದ ಮೇಲೆ ಮಗುವನ್ನು ಎತ್ತಿಕೊಳ್ಳುವೆನೆಂದು ಹೇಳಿದ್ದರೆ, ಮಗುವು ಹಿಮದಲ್ಲಿ ಸಾಯುತ್ತಿತ್ತು, ಉತ್ತರವೂ ಸಿಕ್ಕುತ್ತಿರಲಿಲ್ಲ. ನಿಮ್ಮ ಬಾಗಿಲಿಗೆ ಬರುವದು ಮಗುವೇ ಆಗಬೇಕೆಂದಿಲ್ಲ. ರೊಟ್ಟಿ ತಂದ ನೆರೆಯವಳಾಗಿರಬಹುದು, ಜ್ವರದಲ್ಲಿ ಬಿದ್ದ ಮುದುಕನಾಗಿರಬಹುದು, ಅಕ್ಷರ ಕಲಿಸೆಂದು ಕೇಳುವ ಪಕ್ಕದ ಮನೆಯ ಹುಡುಗನಾಗಿರಬಹುದು. ಅವರು ನಿಮ್ಮ ಹಳೆಯ ವ್ಯಾಜ್ಯಕ್ಕೆ ತೀರ್ಪು ತರುವದಿಲ್ಲ. ಆದರೂ ಅವರಿಗೆ ಬಾಗಿಲು ತೆರೆಯಿರಿ.